ಅರಿವಿ ಗಂಟಿನ ಚರಿತ್ರೆ: ನಮ್ಮ ಸೀಮೆಯ ಕೌದಿ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಭ್ರಮದಲ್ಲಿ ಶಾಲೆಗೆ ಜಾಗ ಕೊಟ್ಟವರನ್ನು, ಕಟ್ಟಡಕ್ಕೆ ಕಲ್ಲು ಹೊತ್ತವರನ್ನು, ನಮಗೆ ಪಾಠ ಹೇಳಿದ ಗುರುಗಳನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಈ ಸಂಚಿಕೆಯ ಹಿರಿಯ ಲೇಖಕರು ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ಬರೆಯಹೊರಟಿರುವುದು ಊರಿನ ಇನ್ನೊಂದು ದಾಖಲೆಯ ಬಗ್ಗೆ. ಅದು ಶಾಲೆಯ ಕಪಾಟಿನಲ್ಲಿ ಇಲ್ಲ, ಪಂಚಾಯಿತಿ ಕಚೇರಿಯಲ್ಲೂ ಇಲ್ಲ. ನಮ್ಮ ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನೊಳಗೆ, ಹಾಸಿಗೆ ಸುರುಳಿಯಲ್ಲಿ ಇದೆ. ಅದರ ಹೆಸರು ಕೌದಿ.

ಹಳೇ ಸೀರೆ, ಧೋತರ, ಕುಪ್ಪಸ, ಅಂಗಿಗಳ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಯ ಚರಿತ್ರೆ ಏನಿದ್ದೀತು ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಊರಿನ ಗಂಡಸರ ಹೆಸರು ಪಹಣಿಯಲ್ಲಿದೆ, ಸೊಸೈಟಿಯ ಲೆಕ್ಕದಲ್ಲಿದೆ, ಗುಡಿಯ ಕಲ್ಲಿನ ಮೇಲಿದೆ. ನಮ್ಮ ಆಯಿಯರ ಹೆಸರು ಎಲ್ಲಿದೆ? ಅವರಲ್ಲಿ ಬಹಳ ಮಂದಿಗೆ ಓದು ಬರಹ ಇರಲಿಲ್ಲ. ಅವರು ಬಿಟ್ಟುಹೋದ ಬರಹ ಎಂದರೆ ಕೌದಿಯ ಮೇಲಿನ ಹೊಲಿಗೆಯ ಸಾಲುಗಳು ಮಾತ್ರ. ಓದಲು ಕಲಿತರೆ ಅದರಲ್ಲಿ ನೂರು ವರ್ಷದ ಸಂಗತಿ ಸಿಗುತ್ತದೆ.

ಹೊಲಿಯುವ ಬಗೆ

ಮೊದಲು ಹೊಸ ತಲೆಮಾರಿನ ಮಕ್ಕಳಿಗಾಗಿ ಕೌದಿ ಹೇಗಾಗುತ್ತದೆ ಎಂದು ಹೇಳಬೇಕು. ಪ್ರತಿ ಮನೆಯಲ್ಲೂ ಒಂದು ಹಳೇ ಅರಿವಿ ಗಂಟು ಇರುತ್ತಿತ್ತು. ಹರಿದ ಸೀರೆಯನ್ನು ಎಸೆಯುವ ಪದ್ಧತಿಯೇ ಇರಲಿಲ್ಲ. ಸೀರೆ ಹರಿದರೆ ಗಟ್ಟಿ ಇದ್ದ ಭಾಗ ಮಗಳ ಲಂಗವಾಗುತ್ತಿತ್ತು, ಲಂಗ ಹರಿದರೆ ಕೂಸಿನ ಕುಂಚಿಗೆಯಾಗುತ್ತಿತ್ತು, ಉಳಿದದ್ದು ಗಂಟು ಸೇರುತ್ತಿತ್ತು. ದರ್ಜಿಯ ಅಂಗಡಿಯಿಂದ ತಂದ ಬಣ್ಣಬಣ್ಣದ ತುಂಡುಗಳೂ ಅದರಲ್ಲಿ ಇರುತ್ತಿದ್ದವು. ಗಂಟು ದೊಡ್ಡದಾದಾಗ, ಸುಗ್ಗಿ ಮುಗಿದು ಕೈ ಬಿಡುವಾದಾಗ, ಅದು ಬಿಚ್ಚಿಕೊಳ್ಳುತ್ತಿತ್ತು.

ಬಟ್ಟೆಯನ್ನು ಒಗೆದು ಒಣಗಿಸಿ, ಎಳೆಯ ನೇರಕ್ಕೆ ಕೈಯಿಂದಲೇ ಹರಿದು ಚೌಕ, ಪಟ್ಟಿ ಮಾಡಿಕೊಳ್ಳುತ್ತಾರೆ. ಸಾರಿಸಿದ ನೆಲದ ಮೇಲೆ ಒಂದು ಅಖಂಡ ಸೀರೆಯನ್ನು ಹಾಸಿ, ಅಲುಗಾಡದಂತೆ ಮೂಲೆಗೆ ಕಲ್ಲು ಇಡುತ್ತಾರೆ. ಅದರ ಮೇಲೆ ಎರಡು ಮೂರು ಪದರ ಹಳೇ ಬಟ್ಟೆ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ಕೆಂಪಿನ ಪಕ್ಕ ಕೆಂಪು ಬಾರದಂತೆ, ಮಂಕು ಬಣ್ಣದ ಪಕ್ಕ ಉಜ್ವಲ ಬಣ್ಣ ಬರುವಂತೆ ನೋಡಿಕೊಳ್ಳುತ್ತಾರೆ. ಅಂಚಿನಿಂದ ಆರಂಭಿಸಿ, ನಾಲ್ಕೂ ಬದಿ ಸುತ್ತುತ್ತಾ, ಸಾಲಿನ ಒಳಗೆ ಸಾಲಾಗಿ ನಡುವಿಗೆ ಬರುತ್ತಾರೆ. ಉದ್ದನೆಯ ಸೂಜಿ, ದಪ್ಪ ದಾರ, ಮೇಲೆ ಕೆಳಗೆ ಹೋಗುವ ಸಾದಾ ಹೊಲಿಗೆ. ಒಂದು ದೊಡ್ಡ ಕೌದಿಗೆ ಸಾವಿರಾರು ಹೊಲಿಗೆ ಬೀಳುತ್ತವೆ. ಆ ಹೊಲಿಗೆಗಳು ಪದರಗಳನ್ನು ಹಿಡಿದಿಡುತ್ತವೆ, ಪದರಗಳ ನಡುವೆ ಸಿಕ್ಕ ಗಾಳಿ ಚಳಿಯನ್ನು ತಡೆಯುತ್ತದೆ. ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯ ಹಿತ ಹೊಸ ಬಟ್ಟೆಗೆ ಬರುವುದಿಲ್ಲ. ಅದಕ್ಕೇ ಹಸುಗೂಸಿಗೆ ಹೊಸ ಬಟ್ಟೆಯ ಹಾಸಿಗೆಗಿಂತ ಅಜ್ಜಿಯ ಸೀರೆಯ ಕೌದಿ ವಾಸಿ ಎನ್ನುತ್ತಿದ್ದರು. ಬಣ್ಣದ ತೊಟ್ಟಿಲಿಗೆ ಕಲಘಟಗಿ ಹೆಸರಾಗಿದೆ. ಆ ತೊಟ್ಟಿಲಿನೊಳಗೆ ಹಾಸುತ್ತಿದ್ದದ್ದು ಇಂಥ ಪುಟ್ಟ ಕೌದಿಯನ್ನೇ.

ಕೂಲಿಗೆ ಕೌದಿ ಹೊಲಿಯುವ ಹೆಂಗಸರೂ ಊರಿಂದ ಊರಿಗೆ ಬರುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಕೂತು, ಮನೆಯವರು ಕೊಟ್ಟ ಗಂಟನ್ನು ಕೆಲವೇ ದಿನಗಳಲ್ಲಿ ಕೌದಿ ಮಾಡಿಕೊಟ್ಟು, ಕಾಳು ಕಡಿ, ರೊಕ್ಕ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು.

ಹಳೆಯ ಬೇರು

ಚಿಂದಿಯನ್ನು ಜೋಡಿಸಿ ಹೊಲಿಯುವುದು ಬಡವರ ಉಪಾಯ ಮಾತ್ರ ಎಂದುಕೊಂಡರೆ ತಪ್ಪಾದೀತು. ತೇಪೆಯ ಬಟ್ಟೆಗೆ ಸಂಸ್ಕೃತದಲ್ಲಿ ಕಂಥಾ ಎಂಬ ಹೆಸರಿದೆ. ಬಂಗಾಳದ ಕಾಂಥಾ ಕಸೂತಿಗೆ ಆ ಹೆಸರೇ ಬಂದಿದೆ. ಮಗಧದ ಬದುಗಳಿಂದ ಕೂಡಿದ ಹೊಲಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಹೀಗೆ ತುಂಡು ತುಂಡಾಗಿ ಹೊಲಿಯಬಹುದೇ ಎಂದು ಬುದ್ಧ ಆನಂದನನ್ನು ಕೇಳಿದ ಪ್ರಸಂಗ ವಿನಯಪಿಟಕದಲ್ಲಿದೆ. ನಮ್ಮ ಕನ್ನಡ ನಾಡಿನ 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಹೊಲಿಗೆಯನ್ನೇ ಕಾಯಕವಾಗಿ ಹಿಡಿದು, ಅದೇ ಹೆಸರಿನಿಂದ ಉಳಿದವರು ಅವರು. ಮಹಾರಾಷ್ಟ್ರದ ಗೋಧಡಿ, ಬಿಹಾರದ ಸುಜನಿ, ಸಿಂಧ್ ಕಡೆಯ ರಲ್ಲಿ, ಇವೆಲ್ಲ ನಮ್ಮ ಕೌದಿಯ ಅಕ್ಕತಂಗಿಯರು.

ಹತ್ತಿ ಬೆಳೆದವರಿಗೆ ಬಟ್ಟೆ ತುಟ್ಟಿ

ಧಾರವಾಡ ಸೀಮೆ ಹತ್ತಿಯ ಸೀಮೆ. ಹಾಗಿದ್ದೂ ನಮ್ಮ ಹಿರಿಯರು ಒಂದು ಗೇಣು ಬಟ್ಟೆಯನ್ನೂ ಬಿಡದೆ ಗಂಟು ಕಟ್ಟಿಡುತ್ತಿದ್ದರಲ್ಲ, ಏಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಹತ್ತಿಯ ಕತೆ ತಿಳಿಯಬೇಕು.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಇಲ್ಲಿ ಬೆಳೆಸಲು ಅಮೆರಿಕದಿಂದ ಬೀಜವನ್ನೂ ಬೆಳೆಗಾರರನ್ನೂ ತರಿಸಿತು. ದೇಶದ ಬಹಳ ಕಡೆ ಆ ಪ್ರಯೋಗ ಸೋತಿತು. ಗೆದ್ದ ಕೆಲವೇ ಜಾಗಗಳಲ್ಲಿ ಧಾರವಾಡ ಒಂದು. ಆ ತಳಿಗೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರೇ ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಹಡಗು ಹತ್ತದಂತಾದಾಗ ನಮ್ಮ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಹತ್ತಿಯ ಅಂಡಿಗೆ ಹೊತ್ತ ಬಂಡಿಗಳು ಘಟ್ಟ ಇಳಿದು ಕುಮಟಾ, ಕಾರವಾರದ ಬಂದರುಗಳಿಗೆ ಹೋದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ವ್ಯಾಪಾರಸ್ಥರ ಒತ್ತಾಯವೂ ಇತ್ತು. ಯುದ್ಧ ಮುಗಿಯಿತು, ಬೆಲೆ ಬಿತ್ತು.

ನಮ್ಮ ಹೊಲದ ಹತ್ತಿ ಹೀಗೆ ಸಮುದ್ರ ದಾಟಿ ಹೋಗಿ, ಗಿರಣಿ ಬಟ್ಟೆಯಾಗಿ ತಿರುಗಿ ಬರುತ್ತಿತ್ತು. ಮಾರುವಾಗ ಅವರು ಹೇಳಿದ ದರ, ಕೊಳ್ಳುವಾಗಲೂ ಅವರು ಹೇಳಿದ ದರ. ರೈತನ ಮನೆಗೆ ಬಟ್ಟೆ ಬರುತ್ತಿದ್ದದ್ದು ವರ್ಷಕ್ಕೆ ಒಂದು ಸಲ, ಹಬ್ಬಕ್ಕೋ ಜಾತ್ರೆಗೋ. ಹತ್ತಿ ಬಿಡಿಸಿದ ಕೈಗಳೇ ಹಳೇ ಬಟ್ಟೆಯ ತುಂಡನ್ನು ಜೋಪಾನ ಮಾಡಿದ್ದು ಹೀಗೆ.

ಬಣ್ಣದ ಕತೆಯೂ ಇದರ ಜೊತೆಗೇ ಸಾಗುತ್ತದೆ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗ ಲಂಡನ್ನಿನಲ್ಲಿ ಮೊದಲ ರಾಸಾಯನಿಕ ನೇರಳೆ ಬಣ್ಣ ಕಂಡುಹಿಡಿದ. 1897ರ ಹೊತ್ತಿಗೆ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಬೇರು, ತೊಗಟೆ, ಎಲೆಗಳಿಂದ ತೆಗೆಯುತ್ತಿದ್ದ ಬಣ್ಣಗಳ ಜಾಗದಲ್ಲಿ ಡಬ್ಬಿಯ ಬಣ್ಣಗಳು ಕೂತವು. ನಮ್ಮ ಕೌದಿಗಳ ಗುಲಾಬಿ, ಗಿಣಿ ಹಸಿರು, ಕಡು ನೇರಳೆ ಇವೆಲ್ಲ ಆ ಬದಲಾವಣೆಯ ಕುರುಹುಗಳು.

ಕಂಟ್ರೋಲ್ ಅರಿವಿಯಿಂದ ಪಾಲಿಸ್ಟರ್‌ವರೆಗೆ

ಎರಡನೇ ಮಹಾಯುದ್ಧದ ಕಾಲಕ್ಕೆ ಬಟ್ಟೆಯ ಅಭಾವ ತೀರಾ ಹೆಚ್ಚಾಯಿತು. ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗುತ್ತಿತ್ತು. 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆ ಹೊರಡಿಸಿತು. ನಮ್ಮ ಹಿರಿಯರು ‘ಕಂಟ್ರೋಲ್ ಕಾಲ’ ಎಂದು ಇಂದಿಗೂ ನೆನೆಯುವುದು ಈ ದಿನಗಳನ್ನು. ಸಾಲು ನಿಂತು ಪಡೆದ ಬಿರುಸು ಬಟ್ಟೆ ‘ಕಂಟ್ರೋಲ್ ಅರಿವಿ’ ಎನ್ನಿಸಿಕೊಂಡಿತು.

ಸ್ವಾತಂತ್ರ್ಯ ಬಂತು. 1956ರ ನವೆಂಬರ್ 1ರಂದು ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದೆವು. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ಕೊಟ್ಟರು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1976ರಲ್ಲಿ ಕೇಂದ್ರ ಸರಕಾರದ ಜನತಾ ಬಟ್ಟೆ ಯೋಜನೆ ಬಂದು ಕೈಮಗ್ಗದ ಅಗ್ಗದ ಸೀರೆ, ಧೋತರಗಳು ಬಡವರಿಗೆ ಸಿಗತೊಡಗಿದವು. ‘ಜನತಾ ಸೀರಿ’ ಎಂದರೆ ನಮ್ಮ ಅವ್ವಂದಿರಿಗೆ ತಟ್ಟನೆ ಗೊತ್ತಾಗುತ್ತದೆ. ಅದೇ ಕೈಮಗ್ಗ ನಿಗಮ ಮುಂದೆ ವಿದ್ಯಾವಿಕಾಸ ಯೋಜನೆಯಡಿ ಸರಕಾರಿ ಶಾಲೆಯ ಮಕ್ಕಳ ಸಮವಸ್ತ್ರಕ್ಕೂ ಬಟ್ಟೆ ನೇಯಿಸಿ ಕೊಟ್ಟಿತು. ಶಾಲೆಯ ಸಮವಸ್ತ್ರ ಕೂಡ ನೇಕಾರರ ಮನೆಯ ಅನ್ನ ಎಂಬುದನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಯೋಚಿಸಿರಲಿಲ್ಲ.

ಆಮೇಲೆ ಪಾಲಿಸ್ಟರ್ ಬಂತು. 1985ರ ಜವಳಿ ನೀತಿಯ ನಂತರ ಅದು ಇನ್ನಷ್ಟು ಅಗ್ಗವಾಗಿ ಹಳ್ಳಿಹಳ್ಳಿಗೂ ತಲುಪಿತು. ಬೇಗ ಒಣಗುತ್ತದೆ, ಬಣ್ಣ ಬಿಡುವುದಿಲ್ಲ, ಹರಿಯುವುದಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಇದು ದೊಡ್ಡ ಅನುಕೂಲ. ಕೌದಿಗೆ ಮಾತ್ರ ಅದು ಒಗ್ಗಲಿಲ್ಲ. ಪದರಗಳು ಜಾರುತ್ತವೆ, ಬೆವರು ಹೀರುವುದಿಲ್ಲ, ಎಷ್ಟು ಒಗೆದರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ.

ಒಂದು ಕೌದಿಯನ್ನು ಓದಿದಾಗ

ಇಷ್ಟು ತಿಳಿದ ಮೇಲೆ ಒಂದು ಕೌದಿಯನ್ನು ಎದುರಿಗೆ ಹರವಿಕೊಂಡು ನೋಡೋಣ. ನಮ್ಮ ಮನೆಯಲ್ಲಿ ಆಯಿ ಮತ್ತು ಅವ್ವ ಕೂಡಿ ಹೊಲಿದ ಒಂದು ಕೌದಿ ಇದೆ. ಕಳೆದ ದಸರೆಯ ರಜೆಯಲ್ಲಿ ಅವ್ವನ ಪಕ್ಕ ಕೂತು ಒಂದೊಂದೇ ತುಂಡನ್ನು ಕೇಳಿ ಬರೆದುಕೊಂಡೆ.

ಅಡಿಯಲ್ಲಿರುವ ಅಖಂಡ ಬಟ್ಟೆ ಆಯಿಯ ಇಳಕಲ್ ಸೀರೆ. ಒಡಲು ಹತ್ತಿಯದು, ಸೆರಗಿನಲ್ಲಿ ಕೆಂಪು ಬಿಳಿಯ ತೋಪು ತೆನಿ. ಮೇಲೆ ನಾಲ್ಕು ಕಡೆ ಗುಳೇದಗುಡ್ಡದ ಖಣದ ತುಂಡುಗಳು. ಅವು ಕುಪ್ಪಸದ ತೋಳಿನವು, ಏಕೆಂದರೆ ಕುಪ್ಪಸ ಕಂಕುಳಲ್ಲಿ ಮೊದಲು ಹರಿದರೂ ತೋಳು ಗಟ್ಟಿ ಉಳಿಯುತ್ತದೆ. ಬಿಳಿಯ ಚೌಕಗಳು ಅಜ್ಜನ ಧೋತರ. ಒಂದು ಬದಿಯ ಹಳದಿ ಪಟ್ಟಿ ಜನತಾ ಸೀರೆ. ಒಂದು ಮೂಲೆಯಲ್ಲಿ ನನ್ನ ಹೈಸ್ಕೂಲಿನ ಪ್ಯಾಂಟಿನ ನೀಲಿ ಬಟ್ಟೆ.

ಅದರ ಪಕ್ಕದಲ್ಲೇ ಇನ್ನೊಂದು ನೀಲಿ, ಸ್ವಲ್ಪ ಮಾಸಿದ್ದು. ಅದೂ ನನ್ನದೇ ಇರಬೇಕು ಎಂದೆ. ಅವ್ವ ಅಂದಳು: “ಅಲ್ಲಪಾ, ಅದು ನಿಮ್ಮ ಅತ್ತಿದು. ಸಾಲಿ ಬಿಟ್ಟ ಮ್ಯಾಲೆ ಲಂಗ ಹಂಗ ಇತ್ತು. ಒಗಿಲಿಕ್ಕ ಮನಸ ಬರಲಿಲ್ಲಂತ ನಿಮ್ಮ ಆಯಿ ಗಂಟಿನ್ಯಾಗ ಇಟ್ಟಿದ್ದಳು.” ಒಗಿಲಿಕ್ಕ ಎಂದರೆ ನಮ್ಮ ಕಡೆ ಎಸೆಯುವುದಕ್ಕೆ.

ನನ್ನ ಸೋದರತ್ತೆ ನಮ್ಮ ಈ ಶಾಲೆಯ ಆರಂಭದ ವರ್ಷಗಳ ವಿದ್ಯಾರ್ಥಿನಿ. ಎಂಟನೆತ್ತೆ ಮುಗಿಯುವ ಮೊದಲೇ ಮದುವೆಯಾಯಿತು. ಶಾಲೆಯ ದಾಖಲೆಯಲ್ಲಿ ಅವಳದು ಒಂದೇ ಸಾಲು: ಸೇರಿದ ದಿನ, ಬಿಟ್ಟ ದಿನ. ಬಿಟ್ಟದ್ದಕ್ಕೆ ಅವಳ ತಾಯಿಗೆ ಏನು ಅನ್ನಿಸಿತು ಎಂಬುದನ್ನು ಯಾವ ರಿಜಿಸ್ಟರೂ ಬರೆದುಕೊಳ್ಳುವುದಿಲ್ಲ. ಓದು ಬಾರದ ಆಯಿ ಅದನ್ನು ತನಗೆ ತಿಳಿದ ರೀತಿಯಲ್ಲಿ ಬರೆದಿಟ್ಟಿದ್ದಾಳೆ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗನ ಸಮವಸ್ತ್ರ ಹರಿದು ಗಂಟಿಗೆ ಬಂದಾಗ, ಎರಡು ನೀಲಿಗಳನ್ನು ಪಕ್ಕಪಕ್ಕ ಇಟ್ಟು ಹೊಲಿದಿದ್ದಾಳೆ. ಒಂದೇ ಬಣ್ಣ ಪಕ್ಕಪಕ್ಕ ಬರಬಾರದು ಎಂಬ ಕೌದಿಯ ಕಟ್ಟಳೆಯನ್ನು ಆಕೆ ಮುರಿದದ್ದು ಆ ಒಂದು ಕಡೆ ಮಾತ್ರ.

ಇನ್ನೊಂದು ಸಂಗತಿ. ಕೌದಿಯ ಒಂದು ಅಂಚು ಸವೆದು ಬಾಯಿ ಬಿಟ್ಟಿದೆ. ಒಳಗೆ ಇಣುಕಿದರೆ ಹಳೆಯದೊಂದು ಕೌದಿಯೇ ಇದೆ! ತೀರ ಜೀರ್ಣವಾದ ಕೌದಿಯನ್ನು ಹೊಸದರ ಒಳಪದರ ಮಾಡುವುದು ವಾಡಿಕೆ. ಅದರ ಮೇಲಿನ ಚೌಕಡಿ ಬಟ್ಟೆ ಪಟ್ಟೇದಂಚಿನ ಸೀರೆಯದು, ಮುತ್ತಜ್ಜಿಯ ಕಾಲದ್ದು ಎಂದು ಅವ್ವನ ಅಂದಾಜು. ನಾನು ಮಾಡುವ ಸಾಫ್ಟ್‌ವೇರ್ ಕೆಲಸದಲ್ಲಿ ಹಳೆಯದನ್ನು ಅಳಿಸದೆ ಅದರ ಮೇಲೆ ಹೊಸದನ್ನು ಕೂಡಿಸುತ್ತಾ, ಯಾವುದು ಯಾವಾಗ ಬಂತು ಎಂಬ ಲೆಕ್ಕ ಇಡುವ ಪದ್ಧತಿ ಇದೆ. ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ಅದನ್ನು ಸೂಜಿಯಿಂದ ಮಾಡಿದ್ದಾರೆ.

ಪಕ್ಕದ ಕಾಡಿನ ಕವಂದಿ

ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡ. ಅಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕದಿಂದ ಕರೆತಂದವರ ವಂಶಸ್ಥರು ಇವರು. ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹಲವರು ಈ ಕಾಡುಗಳಲ್ಲಿ ನೆಲೆ ಕಂಡರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಶಾಸಕರಾದ ಮೊದಲ ಸಿದ್ದಿ ಎನ್ನಿಸಿಕೊಂಡರು.

ಸಿದ್ದಿ ಹೆಂಗಸರ ಕವಂದಿ ನಮ್ಮ ಕೌದಿಯಂತೆಯೇ ಅಂಚಿನಿಂದ ನಡುವಿಗೆ ಬರುತ್ತದೆ. ಆದರೆ ಬಣ್ಣಗಳ ಧೈರ್ಯ ಅವರದೇ. ಚೌಕದೊಳಗೆ ಚೌಕ, ಅದರ ಮೇಲೆ ಪುಟ್ಟ ತುಂಡು, ಕೆಲವೆಡೆ ಶಿಲುಬೆ, ಕೆಲವೆಡೆ ಅರ್ಧಚಂದ್ರ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಎಂಬ ತ್ರಿಕೋನ ಹೂವು ಇರಲೇಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೋಳು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಈ ಕವಂದಿಗಳನ್ನು ಅಭ್ಯಾಸ ಮಾಡಿದರು. ಹೊಲಿಯುವ ಹೆಂಗಸರ ಸಹಕಾರಿ ಗುಂಪು ಕಟ್ಟಲು ನೆರವಾದರು. 2011ರಲ್ಲಿ ಸಿದ್ದಿ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಇದೇ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹಿಂದೆ ಅದು ಗುಲಾಮರು ದುಡಿಯುತ್ತಿದ್ದ ಹತ್ತಿ ತೋಟ. ಅವರ ಮೊಮ್ಮಕ್ಕಳು, ಮರಿಮಕ್ಕಳಾದ ಹೆಂಗಸರು ಹೊಲದ ಕೆಲಸದ ಹರಿದ ಬಟ್ಟೆಗಳಿಂದಲೇ ಹೊದಿಕೆ ಹೊಲಿಯುತ್ತಾ ಬಂದರು. 2002ರಲ್ಲಿ ಅವು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆಯೇರಿದವು, 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೆ ಬಂದವು. ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧವೇ ನಮ್ಮ ಸೀಮೆಯ ಹತ್ತಿಗೆ ಬೆಲೆ ತಂದದ್ದು ಎಂಬುದನ್ನು ನೆನೆದರೆ, ಅವರ ಸೂಜಿಗೂ ನಮ್ಮ ಸೂಜಿಗೂ ದೂರ ಬಹಳಿಲ್ಲ ಎನ್ನಿಸುತ್ತದೆ. ಅಲ್ಲಿ ಪ್ರತಿ ಹೊದಿಕೆಯ ಕೆಳಗೆ ಹೊಲಿದವಳ ಹೆಸರು ಬರೆದಿದ್ದಾರೆ. ನಮ್ಮ ಕೌದಿಗಳಿಗೆ ಹೆಸರಿಲ್ಲ.

ಗಂಟು ಕರಗಿದ್ದು

ಹಿಂದೆ ಮಹಾನವಮಿಗೆ ಮೊದಲು ಊರಿನ ಎಲ್ಲ ಹಾಸಿಗೆ ಹೊದಿಕೆ ಹಳ್ಳಕ್ಕೆ ಹೋಗುತ್ತಿದ್ದವು. ಬಂಡೆಗಳ ಮೇಲೆ, ಬೇಲಿಗಳ ಮೇಲೆ ನೂರಾರು ಕೌದಿ ಒಣಗಲು ಹಾಕಿದಾಗ ಹಳ್ಳದ ದಂಡೆ ಬಣ್ಣದ ಜಾತ್ರೆಯಾಗುತ್ತಿತ್ತು. ಯಾರ ಮನೆಯ ಕೌದಿಯ ಹೊಲಿಗೆ ಚೆಂದ ಎಂಬ ತೀರ್ಪೂ ಅಲ್ಲೇ ಆಗುತ್ತಿತ್ತು. ಈಗ ಆ ದಂಡೆಯ ಮೇಲೆ ಒಂದೋ ಎರಡೋ ಕಾಣುತ್ತವೆ.

ಕಾರಣಗಳು ಹಲವು. ಹತ್ತಿ ಸೀರೆಯೇ ಕಡಿಮೆಯಾಯಿತು. ಸಂತೆಯಲ್ಲಿ ಹುಲಿ, ನವಿಲಿನ ಚಿತ್ರದ ಅಗ್ಗದ ಚಾದರ ಬಂತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಾಗಿಲಿಗೇ ಬಂದಾಗ ಅರಿವಿ ಗಂಟು ಡಬರಿಯಾಗಿ, ಬುಟ್ಟಿಯಾಗಿ ಬದಲಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಬೆನ್ನು ಬಗ್ಗಿಸಿ, ಕಣ್ಣು ಸೋಲಿಸಿ ವಾರಗಟ್ಟಲೆ ಹೊಲಿಯುವ ಕಷ್ಟ ನಮ್ಮ ಅಕ್ಕತಂಗಿಯರಿಗೆ ತಪ್ಪಿದ್ದರೆ, ಆ ಹೊತ್ತಿನಲ್ಲಿ ಅವರು ಶಾಲೆಗೆ ಬಂದಿದ್ದರೆ ಅದು ಸಂತೋಷದ ಸಂಗತಿಯೇ. ಕೌದಿ ಹೊಲಿಯುವ ಕಾಲವೇ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಹೊಲಿದವರ ನೆನಪು ಹೋಗಬಾರದು ಎನ್ನುತ್ತಿದ್ದೇನೆ. ಕೌದಿ ಇನ್ನೂ ಕೆಲವು ವರ್ಷ ಬಾಳಬಹುದು. ಯಾವ ತುಂಡು ಯಾರದು ಎಂದು ಹೇಳಬಲ್ಲವರು ಅಷ್ಟು ವರ್ಷ ನಮ್ಮ ಜೊತೆ ಇರುವುದಿಲ್ಲ.

ಒಂದು ವಿನಂತಿ

ಈ ಸುವರ್ಣ ವರ್ಷದಲ್ಲಿ ನಮ್ಮ ಶಾಲೆಯ ಸಮಾಜ ವಿಜ್ಞಾನದ ಗುರುಗಳಲ್ಲಿ, ಎಂಟರಿಂದ ಹತ್ತನೇ ತರಗತಿಯ ಮಕ್ಕಳಲ್ಲಿ ನನ್ನದೊಂದು ವಿನಂತಿ. ದಸರೆಯ ರಜೆಯಲ್ಲಿ ಪ್ರತಿ ಮಗು ತನ್ನ ಮನೆಯ ಒಂದು ಕೌದಿಯನ್ನು ಹಿರಿಯರ ಎದುರು ಹರವಲಿ. ನಾಲ್ಕು ಪ್ರಶ್ನೆ ಕೇಳಲಿ: ಇದನ್ನು ಹೊಲಿದವರು ಯಾರು? ಯಾವ ವರ್ಷ, ಅಥವಾ ಯಾರು ಹುಟ್ಟಿದಾಗ, ಯಾರ ಮದುವೆಗೆ? ಪ್ರತಿ ತುಂಡು ಯಾರ ಬಟ್ಟೆ? ಒಳಗೆ ಏನಿದೆ? ಉತ್ತರವನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಲಿ. ಹೊಲಿದವರ ಹೆಸರನ್ನು ಪುಟದ ಮೇಲ್ಭಾಗದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಲಿ. ಪಾಠದ ಪುಸ್ತಕದಲ್ಲಿ ಓದುವ ಅಮೆರಿಕದ ಅಂತರ್ಯುದ್ಧ, ಮಹಾಯುದ್ಧ, ರಾಜ್ಯಗಳ ಏಕೀಕರಣ ಇವೆಲ್ಲ ತಮ್ಮ ಮನೆಯ ಹಾಸಿಗೆಯವರೆಗೂ ಬಂದಿದ್ದವು ಎಂಬುದು ಮಕ್ಕಳಿಗೆ ಆಗ ತಾನಾಗಿ ತಿಳಿಯುತ್ತದೆ.

ಫೋಟೊಗಳನ್ನೂ ಬರಹಗಳನ್ನೂ ಒಂದು ಕಡೆ ಜೋಡಿಸಿ, ಊರಿನವರೆಲ್ಲ ಮೊಬೈಲಿನಲ್ಲೇ ನೋಡುವಂತೆ ಮಾಡುವ ಕೆಲಸ ನನ್ನ ಪಾಲಿಗಿರಲಿ. ಒಂದು ಕೈಬರಹದ ಪ್ರತಿ ಶಾಲೆಯ ಗ್ರಂಥಾಲಯದಲ್ಲಿ, ದಾಖಲಾತಿ ಪುಸ್ತಕದ ಪಕ್ಕದಲ್ಲೇ ಇರಲಿ. ನಮ್ಮ ಮನೆಯ ಕೌದಿಯ ಪುಟವನ್ನು ಈಗಾಗಲೇ ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಅದು ಮೊದಲನೆಯದು. ಎರಡನೆಯದು ನಿಮ್ಮ ಮನೆಯಿಂದ ಬರಲಿ.